ಅಕಾರ್ಡಿಯನ್ ರೆಕಾರ್ಡಿಂಗ್: ಮಿಡಿಯೋ, ಆಡಿಯೋನೋ?

ಪ್ರಶ್ನೆ: ನನಗೀಗ 58 ವರ್ಷ. ಅಪ್ಪನಿಂದ ಕಲಿತ ಅಕಾರ್ಡಿಯನ್ ಧಾಟಿಗಳನ್ನು ಮೊಮ್ಮಕ್ಕಳಿಗಾಗಿ ರೆಕಾರ್ಡ್ ಮಾಡಿಡುವ ಆಸೆ. ಈಚೆಗೆ ರೋಲ್ಯಾಂಡ್ ವಿ-ಅಕಾರ್ಡಿಯನ್ ಕೊಂಡಿದ್ದೇನೆ. ಮಿಡಿಯಲ್ಲಾದರೆ ತಪ್ಪು ತಿದ್ದಬಹುದು ಅನ್ನುತ್ತಾನೆ ಮಗ. ಆದರೆ ಅವನು ಕಂಪ್ಯೂಟರಿನಲ್ಲಿ ಕೇಳಿಸಿದ್ದು ನಾನು ನುಡಿಸಿದ್ದೇ ಅಲ್ಲವೇನೋ ಅನ್ನಿಸಿತು. ಆಡಿಯೋ ಮಾಡೋಣವೆಂದರೆ ಹೆಂಚಿನ ಮೇಲೆ ಮಳೆಯ ಸದ್ದು. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ನಿಮ್ಮ ಕಿವಿಯನ್ನು ನಂಬಿ. ಮಿಡಿ ಕಡತದಲ್ಲಿ ನಾದವೇ ಇರುವುದಿಲ್ಲ. ಯಾವ ಕೀ ಯಾವಾಗ ಒತ್ತಿದಿರಿ, ಯಾವಾಗ ಬಿಟ್ಟಿರಿ, ತಿದಿಯ ಒತ್ತಡ ಎಷ್ಟಿತ್ತು ಎಂಬ ಸೂಚನೆಗಳಷ್ಟೇ ಇರುತ್ತವೆ. ಅದು ಸ್ವರಪ್ರಸ್ತಾರವಿದ್ದಂತೆ, ಹಾಡುವ ಕಂಠ ಬೇರೆ ಬೇಕು. ಮಗ ಕೇಳಿಸಿದ್ದು ಬಹುಶಃ ಕಂಪ್ಯೂಟರಿನ ಸಾಮಾನ್ಯ ಅಕಾರ್ಡಿಯನ್ ನಾದ. ಎರಡು ಮೂರು ರೀಡುಗಳ ಶ್ರುತಿಯಲ್ಲಿ ತುಸು ವ್ಯತ್ಯಾಸವಿಟ್ಟಾಗ ಹುಟ್ಟುವ ಮ್ಯೂಸೆಟ್ ಕಂಪನವನ್ನು ನಿಮ್ಮ ವಾದ್ಯ ಕೊಡುತ್ತದೆ, ಕಂಪ್ಯೂಟರಿನ ಆ ನಾದ ಹಾಗೆಯೇ ಕೊಡದಿರಬಹುದು. ತಿದಿಯ ಸೂಚನೆ ಸಾಮಾನ್ಯವಾಗಿ 11ನೇ ಕಂಟ್ರೋಲರ್ ಮೂಲಕ, 0ಯಿಂದ 127ರವರೆಗಿನ ಅಂಕಿಗಳಾಗಿ ಹೋಗುತ್ತದೆ. ಅದಕ್ಕೆ ಸರಿಯಾಗಿ ಸ್ಪಂದಿಸದ ಸಾಫ್ಟ್‌ವೇರಿನಲ್ಲಿ ಸ್ವರ ಉಬ್ಬುವುದೂ ಇಲ್ಲ, ತಗ್ಗುವುದೂ ಇಲ್ಲ.

ಮಳೆಯ ಚಿಂತೆ ಬಿಡಿ. ನಿಮ್ಮ ವಾದ್ಯಕ್ಕೆ ಮೈಕ್ ಬೇಕಿಲ್ಲ. ಔಟ್‌ಪುಟ್‌ನ ಎಡ, ಬಲ ಎರಡೂ ಜ್ಯಾಕ್‌ಗಳಿಂದ ಕೇಬಲ್ ಎಳೆದು ಆಡಿಯೋ ಇಂಟರ್‌ಫೇಸ್‌ಗೆ ಸೇರಿಸಿ. ಮಳೆಯಾಗಲಿ, ಫ್ಯಾನಾಗಲಿ ಒಳಗೆ ಬರುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಐದು ನಿಮಿಷದ ಸ್ಟೀರಿಯೋ ಧಾಟಿಗೆ ಸುಮಾರು 86 ಎಂಬಿ ಹಿಡಿಯುತ್ತದೆ, ಇಂದಿನ ಹಾರ್ಡ್‌ಡಿಸ್ಕ್‌ಗೆ ಅದು ಭಾರವಲ್ಲ. ಅತಿ ಜೋರಿನ ಭಾಗದಲ್ಲೂ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ವಾದ್ಯದ ರಿವರ್ಬ್ ತಗ್ಗಿಸಿ. ಆಮೇಲೆ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ.

ಇನ್ನು ಮಗನ ಮಾತನ್ನೂ ತಳ್ಳಿಹಾಕಬೇಡಿ. ಯುಎಸ್‌ಬಿ ಅಥವಾ ಮಿಡಿ ಕೇಬಲ್ ಹಾಕಿ, ನುಡಿಸುವಾಗಲೇ ಇನ್ನೊಂದು ಟ್ರ್ಯಾಕಿನಲ್ಲಿ ಮಿಡಿಯೂ ದಾಖಲಾಗಲಿ. ಬಲಗೈ, ಬೇಸ್, ಕಾರ್ಡ್ ಬೇರೆ ಬೇರೆ ಚಾನೆಲ್‌ಗಳಲ್ಲಿ ಬರುತ್ತವೆ. ಅವನ್ನು ಒಂದಾಗಿ ಬೆರೆಸದಂತೆ ನೋಡಿಕೊಳ್ಳಿ. ಎಲ್ಲೋ ಬೆರಳು ಜಾರಿದ್ದರೆ ಆ ಒಂದು ಸ್ವರವನ್ನು ಮಿಡಿಯಲ್ಲಿ ತಿದ್ದಿ, ಅದನ್ನು ನಿಮ್ಮ ವಾದ್ಯಕ್ಕೇ ವಾಪಸ್ ಕಳಿಸಿ ನುಡಿಸಿ, ಹೊರಬಂದ ನಾದವನ್ನು ಆಡಿಯೋ ಆಗಿ ಹಿಡಿಯಿರಿ. ಆದರೆ ತಾಳ ನೇರಮಾಡುವ ಕ್ವಾಂಟೈಸ್ ಬಟನ್ ಒತ್ತಬೇಡಿ. ಸ್ವರಗಳು ಜರುಗುತ್ತವೆ, ತಿದಿಯ ಸೂಚನೆಗಳು ಇದ್ದಲ್ಲೇ ಉಳಿಯಬಹುದು. ಆಗ ಬೆರಳಿಗೂ ಉಸಿರಿಗೂ ತಾಳೆಯಾಗುವುದಿಲ್ಲ. ಅಪ್ಪ ಕಲಿಸಿದ ನಡೆಯೂ ಸಪಾಟಾಗುತ್ತದೆ.

ಪ್ರತಿ ಕಡತದ ಹೆಸರಿನಲ್ಲಿ ಧಾಟಿಯ ಹೆಸರು, ದಿನಾಂಕ, ಬಳಸಿದ ರಿಜಿಸ್ಟರ್ ಬರೆದಿಡಿ. ಮುಂದೆ ವಾದ್ಯ ಬದಲಾದಾಗ ಮಿಡಿಯನ್ನು ಓದಲು ಅದು ಬೇಕಾಗುತ್ತದೆ. ಎರಡು ಕಡೆ ಪ್ರತಿ ಇರಲಿ.

ಒಂದನ್ನೇ ಆರಿಸಬೇಕಾಗಿ ಬಂದರೆ ಆಡಿಯೋ ಆರಿಸಿ. ಮೊಮ್ಮಕ್ಕಳು ಬಯಸುವುದು ಅಜ್ಜನ ಕೈಯ ನುಡಿಸಾಣಿಕೆಯನ್ನು. ಅಲ್ಲೊಂದು ಇಲ್ಲೊಂದು ತಪ್ಪು ಸ್ವರವಿದ್ದರೆ ಅವರಿಗೇನೂ ನಷ್ಟವಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ವಾರವೇ ಮೊದಲ ಧಾಟಿ ನುಡಿಸಿ.