ಇದ್ಯಾಕ ತಪ್ಪು ಸರ್?

ನನ್ನ ವಿಷಯ ಗಣಿತ. ಆದರೂ ತಂಬ್ರಹಳ್ಳಿಯ ಅಭ್ಯಾಸ ಬೋಧನೆಯಲ್ಲಿ 8ನೇ ತರಗತಿಯ ಒಂದು ಇಂಗ್ಲಿಷ್ ಅವಧಿ ನನ್ನ ಪಾಲಿಗೆ ಬಂತು. ಪಾಠ: ಸಂಕ್ಷಿಪ್ತ ರೂಪಗಳು.

‘ಮಾಡಬೇಕು’ ಮಾತಿನಲ್ಲಿ ‘ಮಾಡ್ಬೇಕು’ ಆಗುವಾಗ ನಡುವಿನ ಸ್ವರ ಬೀಳುತ್ತದೆ. ಇಂಗ್ಲಿಷಿನಲ್ಲಿ ಬಿದ್ದ ಅಕ್ಷರದ ಜಾಗಕ್ಕೆ ಅಪಾಸ್ಟ್ರಫಿ ಬರುತ್ತದೆ. ‘ಡು ನಾಟ್’ ‘ಡೋಂಟ್’ ಆಗುವುದು ಹೀಗೆ. ಇಷ್ಟು ಹೇಳಿ, “ನೀವೂ ಹೊಸದು ಕಟ್ಟಿ” ಎಂದೆ.

ಒಬ್ಬಳು ‘ಆ್ಯಮ್ ನಾಟ್’ ಸೇರಿಸಿ ‘ಆ್ಯಮಂಟ್’ ಬರೆದಳು. ಕೆಂಪು ಗೆರೆ ಎಳೆದೆ.

“ಇಸಂಟ್ ಐತಿ, ಆರಂಟ್ ಐತಿ. ಇದ್ಯಾಕ ತಪ್ಪು ಸರ್?”

“ಪುಸ್ತಕದಲ್ಲಿ ಇಲ್ಲ” ಎಂದೆ. ಕಟ್ಟಲು ಹೇಳಿದವನೇ ನಾನು! ಅವಳು ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ರಾತ್ರಿ ನಿಘಂಟು ನೋಡಿದರೆ, ಐರ್ಲೆಂಡ್, ಸ್ಕಾಟ್ಲೆಂಡ್ ಜನರ ಮಾತಿನಲ್ಲಿ ಆ ರೂಪ ಇಂದಿಗೂ ಇದೆ. ಮರುದಿನ ಅವಳ ಪುಸ್ತಕದ ಗೆರೆಯ ಪಕ್ಕ ಸರಿ ಗುರುತು ಹಾಕಿ, ಎಲ್ಲರ ಮುಂದೆ ಹೇಳಿದೆ: ನಿಯಮ ಹಿಡಿದದ್ದು ಸರಿ, ಪರೀಕ್ಷೆಗೆ ಮಾತ್ರ ‘ಐಮ್ ನಾಟ್’. ‘ವಿಲ್ ನಾಟ್’ ‘ವೋಂಟ್’ ಆಗಿದ್ದು ‘ವೋಲ್’ ಎಂಬ ಹಳೆಯ ರೂಪದಿಂದ ಎಂಬುದನ್ನೂ ತಿಳಿಸಿದೆ.

ಅವಳ ಕೈ ಮೇಲೆದ್ದಿತು. “ಹಂಗಾದ್ರ ‘ವಿಲಂಟ್’ ಯಾವ ದೇಶದಾಗ ಐತಿ ಸರ್?”