ಕೂಡಿ ಓದೋಣ ಸತ್ಯವೇದ

ಕೆನಡಾದ ಮಿಸ್ಸಿಸಾಗಾ, ಬ್ರ್ಯಾಂಪ್ಟನ್, ಸ್ಕಾರ್ಬರೋ ಎಂದು ಚದುರಿಕೊಂಡಿರುವ ಕನ್ನಡ ಕ್ರೈಸ್ತ ಕುಟುಂಬಗಳಿಗೊಂದು ಕಿವಿಮಾತು. ಭಾನುವಾರದ ಪ್ರಸಂಗ ಕೇಳಿದರೆ ವಾರದ ಓದು ಮುಗಿಯಿತೆಂದುಕೊಳ್ಳಬೇಡಿ. ನಾಲ್ಕೈದು ಮನೆಯವರು ಸೇರಿ ಓದಿ ನೋಡಿ.

ಮೊದಲಿಗೇ ಆದಿಕಾಂಡದಿಂದ ಹೊರಡಬೇಡಿ. ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಅರ್ಧ ಜನ ಬರುವುದನ್ನೇ ಬಿಟ್ಟಿರುತ್ತಾರೆ. ಮಾರ್ಕನ ಸುವಾರ್ತೆ ಹಿಡಿಯಿರಿ. ಇರುವುದು 16 ಅಧ್ಯಾಯ. ವಾರಕ್ಕೊಂದರಂತೆ ನವೆಂಬರಿನಲ್ಲಿ ತೊಡಗಿದರೆ ಚಳಿಗಾಲ ಕಳೆಯುವುದರೊಳಗೆ ಮುಗಿಯುತ್ತದೆ. ಹಿಮ ಬಿದ್ದು 401 ಹೆದ್ದಾರಿಯಲ್ಲಿ ಕಾರು ಓಡಿಸುವುದು ಕಷ್ಟವಾದ ದಿನ ಜೂಮ್‌ನಲ್ಲಿ ಕೂಡಿ.

ಹಿರಿಯರು ಕನ್ನಡದಲ್ಲಿ ಓದಲಿ, ಇಲ್ಲಿ ಹುಟ್ಟಿದ ಮಕ್ಕಳು ಅದೇ ಭಾಗವನ್ನು ಇಂಗ್ಲಿಷಿನಲ್ಲಿ ಓದಲಿ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ವರ್ಷಗಟ್ಟಲೆ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆ ಕನ್ನಡ ಬೈಬಲಿನ ಓದು ನಮ್ಮ ತಲೆಮಾರಿಗೇ ನಿಲ್ಲದಿರಲಿ.

ನಡೆಸುವವರು ಪ್ರಸಂಗಕ್ಕಿಳಿಯಬಾರದು. ಮೂರು ಪ್ರಶ್ನೆ ಸಾಕು: ಇಲ್ಲಿ ಏನು ನಡೆಯಿತು? ಹಿಂದುಮುಂದಿನ ವಚನಗಳು ಏನು ಹೇಳುತ್ತವೆ? ಈ ವಾರ ನಾನೇನು ಮಾಡಬೇಕು? ಪ್ರಶ್ನಿಸುವುದು ತಪ್ಪಲ್ಲ: ಪೌಲನ ಬೋಧನೆಯನ್ನೇ ಬೆರೋಯ ಊರಿನವರು ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಅದಕ್ಕಾಗಿ ಅವರನ್ನು ಮೆಚ್ಚುತ್ತದೆ. ಹಾಗಾಗಿ ಮಕ್ಕಳ ಪ್ರಶ್ನೆಯನ್ನು ಗದರಿಸಿ ಅಡಗಿಸಬೇಡಿ. ಉತ್ತರ ತಿಳಿಯದಿದ್ದರೆ ಪಾಸ್ಟರನ್ನು ಕೇಳಿ ಮುಂದಿನ ವಾರ ಹೇಳಿ.

ಊಟದ ಏರ್ಪಾಡು ಬೇಡ, ಚಹಾ ಸಾಕು. ಬಿರಿಯಾನಿ ಶುರುವಾದರೆ ಮನೆಯವರಿಗೆ ಭಾರ, ಓದಿಗೆ ಹೊತ್ತಿಲ್ಲ. ಕೂಟದಲ್ಲಿ ಹಂಚಿಕೊಂಡ ಕಷ್ಟಸುಖ ವಾಟ್ಸ್‌ಆ್ಯಪ್‌ಗೆ ಹೋಗದಿರಲಿ. ಈ ವಾರವೇ ಇನ್ನೊಂದು ಮನೆಗೆ ಫೋನ್ ಮಾಡಿ ಕರೆಯಿರಿ.