ಓಡಾಟಕ್ಕೂ ಸೈ, ಓಟಕ್ಕೂ ಸೈ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್ ಕೊಳ್ಳುವುದು ಹೇಗೆ?

ವಾರವಿಡೀ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳಬೇಕು, ಯಾವುದೋ ಒಂದು ಭಾನುವಾರ ಹೆಲ್ಮೆಟ್ ಹಾಕಿಕೊಂಡು ಓಡಿಸಬೇಕು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನೂ ಆರಾಮಾಗಿ ಕೂರಬೇಕು. ಎಲ್ಲಕ್ಕೂ ಒಂದೇ ಕಾರು, ಅದೂ ಹಳೆಯದು. ಆಗುವ ಮಾತೇ ಅಂತ ಭಯಪಡಬೇಡಿ, ಖಂಡಿತ ಆಗುತ್ತದೆ. ಆದರೆ ನೀವು ಹುಡುಕಬೇಕಾದ್ದು ರೇಸ್ ಕಾರನ್ನಲ್ಲ. ಚೆನ್ನಾಗಿ ನೋಡಿಕೊಂಡಿರುವ, ಯಾರೂ ಕೈಯಾಡಿಸದ, ಕಂಪನಿಯಿಂದ ಬಂದ ಹಾಗೇ ಇರುವ ಮನೆ ಕಾರನ್ನು. ಒಂದೊಂದೇ ಹೆಜ್ಜೆ ಇಡೋಣ.

ಹಂತ 1: ಯಾವ ಆಟ ಆಡುತ್ತೀರಿ ಅಂತ ನಿರ್ಧರಿಸಿ

ನಮ್ಮ ಕಡೆ ಆಟೋಕ್ರಾಸ್ ಅಂದರೆ ಹೆಚ್ಚಾಗಿ ಮಣ್ಣಿನ ಮೈದಾನ. ಒಂದು ಸಲಕ್ಕೆ ಒಂದು ಕಾರು, ಗಡಿಯಾರದ ಜೊತೆ ಪೈಪೋಟಿ. ಟಾರಿನ ಟ್ರ್ಯಾಕ್ ಬೇಕೆಂದರೆ ಬೆಂಗಳೂರಿನಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಹೋಗಬೇಕು. ಕರಿ ಸುಮಾರು 2.1 ಕಿಲೋಮೀಟರಿನ ಟ್ರ್ಯಾಕ್, ಚೆನ್ನೈಯದು ಸುಮಾರು 3.7. ಮಣ್ಣಿಗಾದರೆ ಕಾರು ನೆಲದಿಂದ ಸ್ವಲ್ಪ ಎತ್ತರ ಇರಬೇಕು, ಎಂಜಿನ್ ಕೆಳಗೆ ಗಟ್ಟಿ ಸಂಪ್ ಗಾರ್ಡ್ ಬೇಕು. ಟಾರಿಗಾದರೆ ಬ್ರೇಕೇ ಮುಖ್ಯ. ಹೊಸಬರಿಗೆ ಮಣ್ಣಿನ ಆಟೋಕ್ರಾಸ್ ಒಳ್ಳೆಯದು ಅಂತ ನನಗನ್ನಿಸುತ್ತದೆ. ವೇಗ ಕಡಿಮೆ, ಕಲಿಯುವುದು ಬಹಳ.

ಎಚ್ಚರಿಕೆ: ರಾತ್ರಿ ಹೊತ್ತು ನೈಸ್ ರೋಡಿನಲ್ಲೋ ಏರ್‌ಪೋರ್ಟ್ ರೋಡಿನಲ್ಲೋ ಪೈಪೋಟಿಗೆ ಇಳಿಯುವುದು ಈ ಪಟ್ಟಿಯಲ್ಲಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅದು ಅಪರಾಧ.

ಹಂತ 2: ಕೈಯಲ್ಲಿರುವ ದುಡ್ಡನ್ನು ಎರಡು ಪಾಲು ಮಾಡಿ

ನೂರರಲ್ಲಿ ಎಪ್ಪತ್ತು ಕಾರಿಗೆ, ಮೂವತ್ತು ಆಮೇಲಿನ ಖರ್ಚಿಗೆ. ಹೊಸಬರು ಜಾರುವುದು ಇಲ್ಲೇ. ಇದ್ದದ್ದನ್ನೆಲ್ಲ ಕಾರಿಗೆ ಸುರಿದು, ಸವೆದ ಟೈರಿನಲ್ಲೇ ಟ್ರ್ಯಾಕಿಗೆ ಇಳಿಯುತ್ತಾರೆ. ಕಾರು ಒಂದು ಮೆಟ್ಟಿಲು ಕೆಳಗಿನದಾದರೂ ಪರವಾಗಿಲ್ಲ, ಆ ಮೂವತ್ತನ್ನು ಮುಟ್ಟಬೇಡಿ.

ಹಂತ 3: ಎರಡೋ ಮೂರೋ ಮಾಡೆಲ್ ಗುರುತು ಹಾಕಿಕೊಳ್ಳಿ

ಮೊದಲ ಕಾರಿಗೆ ನನ್ನ ಓಟು 1.0 ಟಿಎಸ್‌ಐ ಎಂಜಿನ್ನಿನ ಫೋಕ್ಸ್‌ವ್ಯಾಗನ್ ವೆಂಟೋ ಅಥವಾ ಸ್ಕೋಡಾ ರ‍್ಯಾಪಿಡ್, ಮ್ಯಾನ್ಯುಯಲ್ ಗೇರಿನದು. 2020ರಲ್ಲಿ ಬಿಎಸ್6 ಜೊತೆಗೆ ಬಂದ ಈ ಎಂಜಿನ್ 110 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ ಕೊಡುತ್ತದೆ. ಗೇರ್ ಆರು. ದುಡ್ಡು ಇನ್ನೂ ಇದ್ದರೆ 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ 1.5 ಟಿಎಸ್‌ಐ ನೋಡಿ. 150 ಪಿಎಸ್, 250 ಎನ್‌ಎಂ, ಮ್ಯಾನ್ಯುಯಲ್ ಗೇರಿನಲ್ಲೂ ಸಿಗುತ್ತದೆ. ದುಡ್ಡು ಕಡಿಮೆ ಇದ್ದರೆ ಫೋರ್ಡ್ ಫಿಯೆಸ್ಟಾ 1.6 ಪೆಟ್ರೋಲ್. ಅದರ ಸ್ಟೀರಿಂಗಿನ ಹಿತ ಇವತ್ತಿನ ಎಷ್ಟೋ ಹೊಸ ಕಾರುಗಳಲ್ಲಿಲ್ಲ. ಆದರೆ ಫೋರ್ಡ್ ಭಾರತದಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ 2021ರಲ್ಲೇ ಹೇಳಿಬಿಟ್ಟಿತು. ಹಾಗಾಗಿ ಕೊಳ್ಳುವ ಮೊದಲೇ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿ, ಯಾವ ಸ್ಪೇರ್ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅಂತ ವಿಚಾರಿಸಿ.

ಹಳೆಯ ಹೋಂಡಾ ಸಿಟಿ 1.5 ವಿಟೆಕ್ ಬೇಕು ಅಂತ ಮನಸ್ಸು ಎಳೆಯುತ್ತದೆ, ಗೊತ್ತು. ಮೇಲಿನ ಆರ್‌ಪಿಎಂನಲ್ಲಿ ಆ ಎಂಜಿನ್ ಕೂಗುವುದನ್ನು ಕೇಳಿದವರು ಮರೆಯುವುದಿಲ್ಲ. ಆದರೆ ಅದಕ್ಕೆ ಈಗ ಇಪ್ಪತ್ತು ವರ್ಷ ದಾಟಿದೆ. 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು. ದಿನಬಳಕೆಗೆ ಮನೆಯಲ್ಲಿ ಬೇರೆ ಗಾಡಿ ಇದ್ದರೆ ಮಾತ್ರ ಆ ಆಸೆ.

ಹಂತ 4: ಗೇರ್‌ಬಾಕ್ಸ್ ಯಾವುದು ಅಂತ ಕೇಳಿ

ಮ್ಯಾನ್ಯುಯಲ್ ಆದರೆ ಮುಂದಿನ ಹಂತಕ್ಕೆ ಹೋಗಿ. ಏಳು ಗೇರಿನ, ಡ್ರೈ ಕ್ಲಚ್ಚಿನ ಆಟೋಮ್ಯಾಟಿಕ್ ಡಿಎಸ್‌ಜಿ ಆದರೆ ಸ್ವಲ್ಪ ನಿಲ್ಲಿ. ಓಡುವಾಗ ಸೊಗಸಾದ ಗೇರ್‌ಬಾಕ್ಸ್ ಅದು. ಆದರೆ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳುವಾಗ ಕ್ಲಚ್ ಬಿಸಿಯಾಗಿ ಸವೆಯುತ್ತದೆ, ಒಳಗಿನ ನಿಯಂತ್ರಣ ಘಟಕವಾದ ಮೆಕಟ್ರಾನಿಕ್ಸ್ ಕೆಟ್ಟರೆ ಬಿಲ್ಲು ಭಾರೀ. ಮೊದಲ ಕಾರಿಗೆ ಈ ತಲೆಬಿಸಿ ಬೇಡ.

ಹಂತ 5: ಕಾರು ನೋಡುವ ಮೊದಲು ನಂಬರ್ ನೋಡಿ

ಫೋನಿನಲ್ಲಿ ಎಂಪರಿವಾಹನ್ ಆ್ಯಪ್ ಹಾಕಿಕೊಂಡು ಕಾರಿನ ನಂಬರ್ ಒತ್ತಿ. ರಿಜಿಸ್ಟ್ರೇಷನ್ ತಾರೀಖು, ಎಷ್ಟನೇ ಮಾಲೀಕರು, ಇನ್ಷೂರೆನ್ಸ್ ಯಾವಾಗಿನವರೆಗೆ ಎಂಬುದನ್ನು ಮಾರುವವರು ಹೇಳಿದ್ದಕ್ಕೆ ಹೋಲಿಸಿ. ಸಾಲ ಬಾಕಿ ಇದೆಯೋ ತಿಳಿಯಲು ಆರ್‌ಸಿಯಲ್ಲಿ ಹೈಪಾಥಿಕೇಶನ್ ಅಂತ ಬ್ಯಾಂಕಿನ ಹೆಸರಿದೆಯಾ ನೋಡಿ. ಪೊಲೀಸ್ ದಂಡ ಬಾಕಿ ಇದೆಯಾ ಅಂತಲೂ ನೋಡಿ.

ಎಚ್ಚರಿಕೆ: ದೆಹಲಿ ಕಡೆಯ ಕಾರು ಅಗ್ಗ ಅಂತ ಹಾರಬೇಡಿ. ಆ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಹೊಸದಾಗಿ ಕಟ್ಟಬೇಕು. ಉಳಿಸಿದ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ.

ಹಂತ 6: ಎಂಜಿನ್ ತಣ್ಣಗಿರುವಾಗಲೇ ಹೋಗಿ

"ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಸರ್" ಅಂತ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಬೆಳಗಿನ ಮೊದಲ ಸ್ಟಾರ್ಟಿನ ಸದ್ದನ್ನು ನಿಮ್ಮಿಂದ ಮುಚ್ಚಿಟ್ಟಿರಬಹುದು. ಇನ್ನೊಂದು ದಿನ ಬನ್ನಿ.

ಆಯಿಲ್ ಕ್ಯಾಪ್ ತೆಗೆದು ಒಳಬದಿ ನೋಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಕಂಡರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ಕೀ ಅರ್ಧ ತಿರುಗಿಸಿ, ಆದರೆ ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್ ದೀಪ ಹತ್ತಿಕೊಳ್ಳಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಿಕೊಳ್ಳಲೇ ಇಲ್ಲವಾ? ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಈಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹತ್ತಿರ ಹೋಗಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಸುಡುತ್ತಿದೆ. ಎರಡರಲ್ಲಿ ಯಾವುದು ಕಂಡರೂ ನಮಸ್ಕಾರ ಹೇಳಿ ಹೊರಡಿ.

ಹಂತ 7: ಕಾರಿನ ಸುತ್ತ ನಿಧಾನವಾಗಿ ನಡೆಯಿರಿ

ಹಗಲು ಬೆಳಕಿನಲ್ಲೇ ನೋಡಿ. ಬಾನೆಟ್ ಮತ್ತು ಫೆಂಡರಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಇದ್ದರೆ ಬಿಚ್ಚಿ ಹಾಕಿದ್ದಾರೆ ಅಂತ ಅರ್ಥ. ಯಾಕೆ ಅಂತ ಕೇಳಿ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು, ಆ ಗುಂಡಿಯ ವೆಲ್ಡಿಂಗ್ ನೋಡಿ. ಚಿಕ್ಕ ಡೆಂಟು, ಗೀರು ಇದ್ದರೆ ತೊಂದರೆಯಿಲ್ಲ, ಬೆಲೆ ಇಳಿಸಲು ನೆಪವಾಗುತ್ತದೆ. ಪಿಲ್ಲರ್ ಅಥವಾ ಚಾಸಿಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ. ಟ್ರ್ಯಾಕಿನಲ್ಲಿ ಆ ಕಾರು ನೇರ ಹೋಗುವುದಿಲ್ಲ.

ಬೆಂಗಳೂರಿನ ಕಾರಾದರೆ 2022ರ ಸೆಪ್ಟೆಂಬರ್ ಪ್ರವಾಹ ನೆನಪಿರಲಿ. ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಎಷ್ಟೋ ಕಾರು ನೀರಿನಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಂಡರೆ, ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದ್ದರೆ, ಕಾರು ನೀರು ಕುಡಿದಿದೆ.

ಹಂತ 8: ನೀವೇ ಓಡಿಸಿ ನೋಡಿ

ಮ್ಯೂಸಿಕ್ ಸಿಸ್ಟಂ ಆಫ್ ಮಾಡಿ, ಕಿಟಕಿ ಇಳಿಸಿ. ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ. ಟಕ್ ಟಕ್ ಅಂದರೆ ಸಸ್ಪೆನ್ಶನ್ ಬುಷ್ ಹೋಗಿದೆ, ಅದು ದುಬಾರಿ ರಿಪೇರಿಯಲ್ಲ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ, ಕಡಿಮೆ ವೇಗದಿಂದ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಗಟ್ಟಿಯಾಗಿ ಬ್ರೇಕ್ ಹಾಕಿ. ಕಾರು ಒಂದು ಕಡೆಗೆ ಎಳೆಯಬಾರದು.

ಹಂತ 9: ನಿಮ್ಮ ಮೆಕ್ಯಾನಿಕ್ ಕೈಗೆ ಕೊಡಿ

ನಿಮ್ಮ ಮೆಕ್ಯಾನಿಕ್, ಮಾರುವವರ ಮೆಕ್ಯಾನಿಕ್ ಅಲ್ಲ. ಲಿಫ್ಟ್ ಮೇಲೆ ಹತ್ತಿಸಿ ಕೆಳಗಿಂದ ನೋಡಲಿ. ಓಬಿಡಿ ಸ್ಕ್ಯಾನರ್ ಹಾಕಿಸಿ. ಎರರ್ ಕೋಡ್ ಒಂದೂ ಇಲ್ಲ ಅಂತ ಖುಷಿಪಡುವ ಮೊದಲು, ಕಾರಿನ ಸ್ವಯಂ ತಪಾಸಣೆ ಮುಗಿದಿದೆಯಾ ಅಂತ ತೋರಿಸುವ ರೆಡಿನೆಸ್ ಮಾನಿಟರ್‌ಗಳು ಪೂರ್ತಿಯಾಗಿವೆಯಾ ಅಂತ ಕೇಳಿ. ಅಪೂರ್ಣ ಅಂತ ತೋರಿಸಿದರೆ ಕೋಡುಗಳನ್ನು ಇತ್ತೀಚೆಗಷ್ಟೇ ಅಳಿಸಿರಬಹುದು. ಟರ್ಬೊ ಕಾರಿಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ತಿದ್ದುವುದು) ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ. "ಸ್ಟೇಜ್ 2 ಮಾಡಿಸಿದೀನಿ ಗುರು, ಬಾಣದ ಹಾಗೆ ಹೋಗುತ್ತೆ" ಅಂದರೆ, ಆ ಬಾಣ ಎಷ್ಟು ಸಲ ಹಾರಿದೆಯೋ ಯಾರಿಗೆ ಗೊತ್ತು.

ಹಂತ 10: ಕಾಗದ ಕೈಗೆ ಬಂದ ಮೇಲೆ ದುಡ್ಡು ಕೊಡಿ

ಫಾರಂ 29 ಮತ್ತು 30ಕ್ಕೆ ಮಾಲೀಕರ ಸಹಿ ಬೇಕು. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಬೇರೆ ರಾಜ್ಯದ ಕಾರಾದರೆ ಫಾರಂ 28. ಬರೀ ಸಹಿ ಮಾಡಿದ ಖಾಲಿ ಫಾರಂ ಇಟ್ಟುಕೊಂಡು "ಆಮೇಲೆ ನೋಡೋಣ" ಅನ್ನಬೇಡಿ, ಆ ವಾರವೇ ಆರ್‌ಟಿಒ ಕೆಲಸ ಶುರು ಮಾಡಿ.

ಹಂತ 11: ಇನ್ಷೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿ

ಕಾರು ನಿಮ್ಮ ಹೆಸರಿಗಾದ 14 ದಿನದೊಳಗೆ ಇನ್ಷೂರೆನ್ಸ್ ಕಂಪನಿಗೆ ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ. ಪಾಲಿಸಿಯನ್ನು ಪೂರ್ತಿ ಓದಿ. ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ಮಾಮೂಲಿ ಪಾಲಿಸಿಯಲ್ಲಿ ರಕ್ಷಣೆ ಇಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಖರ್ಚು ನಿಮ್ಮದೇ. ಕಳೆದುಕೊಂಡರೆ ಸಹಿಸಬಲ್ಲಷ್ಟು ಬೆಲೆಯ ಕಾರನ್ನೇ ಟ್ರ್ಯಾಕಿಗೆ ಇಳಿಸಿ.

ಹಂತ 12: ಬ್ರೇಕ್ ಮತ್ತು ಟೈರ್ ಹೊಸದು ಮಾಡಿ

ಶಕ್ತಿ ಹೆಚ್ಚಿಸುವ ಯೋಚನೆ ಈಗ ಬೇಡವೇ ಬೇಡ. ಹಳೆಯ ಬ್ರೇಕ್ ಫ್ಲೂಯಿಡ್ ಪೂರ್ತಿ ತೆಗೆಸಿ, ಹೊಸ ಡಾಟ್ 4 ತುಂಬಿಸಿ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡು ಅರ್ಧ ಸವೆದಿದ್ದರೆ ಬದಲಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ಟ್ರೆಡ್ ಎಷ್ಟು ಉಳಿದಿದ್ದರೂ ಬದಲಿಸಿ, ರಬ್ಬರ್ ಗಟ್ಟಿಯಾಗಿರುತ್ತದೆ.

ಎಚ್ಚರಿಕೆ: ದಿನಬಳಕೆಯ ಕಾರಿಗೆ ರೋಲ್ ಕೇಜ್ ಹಾಕಿಸಬೇಡಿ. ಹೆಲ್ಮೆಟ್ ಇಲ್ಲದ ತಲೆ ಸಣ್ಣ ಅಪಘಾತದಲ್ಲೂ ಆ ಕಬ್ಬಿಣಕ್ಕೆ ಬಡಿಯಬಹುದು.

ಹಂತ 13: ಲೈಸೆನ್ಸ್ ಮತ್ತು ಹೆಲ್ಮೆಟ್ ತೆಗೆದುಕೊಳ್ಳಿ

ನಮ್ಮ ದೇಶದಲ್ಲಿ ಮೋಟಾರ್ ಕ್ರೀಡೆಯನ್ನು ನಡೆಸುವ ಸಂಸ್ಥೆ ಎಫ್‌ಎಂಎಸ್‌ಸಿಐ. ಅದು ಒಪ್ಪಿಗೆ ಕೊಟ್ಟ ಸ್ಪರ್ಧೆಗಳಿಗೇ ಹೋಗಿ, ಅದರ ಲೈಸೆನ್ಸಿಗೆ ಅರ್ಜಿ ಹಾಕಿ. ಯಾವ ಹೆಲ್ಮೆಟ್ ನಡೆಯುತ್ತದೆ ಅಂತ ಆ ಸ್ಪರ್ಧೆಯ ನಿಯಮ ಓದಿದ ಮೇಲೆ ಕೊಳ್ಳಿ. ಬೈಕಿನದು ಇದೆಯಲ್ಲ ಅಂತ ಹೋದರೆ ಗೇಟಿನಲ್ಲೇ ವಾಪಸ್ ಕಳಿಸಬಹುದು.

ಹಂತ 14: ಮೊದಲ ದಿನ ಮೆಲ್ಲಗೆ ಶುರು ಮಾಡಿ

ಕಾರಿನೊಳಗಿನ ನೀರಿನ ಬಾಟಲಿ, ಮ್ಯಾಟು, ಗಣಪತಿ ಮೂರ್ತಿ, ಎಲ್ಲ ತೆಗೆದು ಬ್ಯಾಗಿಗೆ ಹಾಕಿ. ಓಟಕ್ಕೆ ಮೊದಲಿನ ತಪಾಸಣೆಯಾದ ಸ್ಕ್ರೂಟಿನಿಯಲ್ಲಿ ಬ್ಯಾಟರಿ ಅಲ್ಲಾಡುತ್ತದಾ, ಟೋ ಹುಕ್ ಇದೆಯಾ ಅಂತೆಲ್ಲ ನೋಡುತ್ತಾರೆ. ಭಯಪಡಬೇಡಿ, ಅವರು ನೋಡುವುದು ನಿಮ್ಮ ಸುರಕ್ಷತೆಗೇ. ಮೊದಲ ಓಟದಲ್ಲಿ ಸಮಯದ ಚಿಂತೆ ಬಿಡಿ, ದಾರಿ ಕಲಿಯಿರಿ. ತಿರುವಿನೊಳಗೆ ಬ್ರೇಕ್ ಒತ್ತುವುದು ಹೊಸಬರ ಮಾಮೂಲಿ ತಪ್ಪು. ತಿರುವಿಗೆ ಮೊದಲೇ, ಸ್ಟೀರಿಂಗ್ ನೇರವಾಗಿರುವಾಗಲೇ ಬ್ರೇಕ್ ಮುಗಿಸಿಕೊಳ್ಳಿ.

ಓಟ ಮುಗಿದ ಮೇಲೆ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ತಣ್ಣಗಾಗಲಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬಿಸಿ ಬ್ರೇಕು ಕಚ್ಚಿಕೊಳ್ಳಬಹುದು. ಆಫ್ ಮಾಡಿದ ಮೇಲೆ ಮೊದಲ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಮನೆಗೆ ಹೊರಡುವ ಮೊದಲು ವೀಲ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಒಮ್ಮೆ ಬಿಗಿ ಮಾಡಿ, ದಾರಿಯಲ್ಲಿ ಐವತ್ತು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ.